ಆಸ್ಪತ್ರೆಗೆ ಹತ್ತಿರದ ಮನೆ

ಎಪ್ಪತ್ತೆಂಟನೇ ಇಸವಿ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ನೊಣವಿನಕೆರೆಯಲ್ಲಿ ನಮ್ಮ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸುವ ಹಾಗಾಗಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿನ ಆಪರೇಷನ್ ಎಂದು ಗೊತ್ತಾಯಿತು. ಒಂದು ವಾರ ವಾರ್ಡಿನಲ್ಲಿರಬೇಕು. ಆಮೇಲೆ ಹದಿನೈದು ದಿನ ಹೊರಗೆ ಉಳಿದುಕೊಂಡು, ದಿನ ಬಿಟ್ಟು ದಿನ ಹೋಗಿ ಕಣ್ಣಿನ ಕಟ್ಟು ಬದಲಾಯಿಸಿಕೊಳ್ಳಬೇಕು.

ಆ ಹದಿನೈದು ದಿನ ಎಲ್ಲಿ ಇಳಿದುಕೊಳ್ಳುವುದು ಎಂದು ನಮ್ಮ ಜಗಲಿಯ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ಮೈದುನ ಮೆಜೆಸ್ಟಿಕ್ಕಿನ ಲಾಡ್ಜ್ ಎಂದ. ಬೆಂಗಳೂರು ನೋಡದವರೂ ಒಂದೊಂದು ಬಡಾವಣೆಯ ಹೆಸರು ಹೇಳಿದರು. ನಮ್ಮವರು ಮಾತ್ರ, "ಯಶವಂತಪುರದಲ್ಲಿ ಚಿಕ್ಕಮ್ಮನ ಮನೆ ಐತೆ. ತಿಪಟೂರಲ್ಲಿ ರೈಲು ಹತ್ತುದ್ರೆ ಅಲ್ಲೇ ಇಳಿಯಾದು. ಇನ್ನೇನ್ ಬೇಕು ಕಣೇ?" ಎಂದು ತೀರ್ಪು ಕೊಟ್ಟರು. ಚಿಕ್ಕಮ್ಮ ಎಂದರೆ ಅತ್ತೆಯ ಸ್ವಂತ ತಂಗಿ. ನಮ್ಮ ಕಡೆಯವರಿಗೆ ಬೆಂಗಳೂರು ಅಂದರೆ ರೈಲು ನಿಲ್ಲುವ ಜಾಗ, ಅಷ್ಟೇ. ಆಸ್ಪತ್ರೆ ಅಲ್ಲಿಂದ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ಬುದ್ಧಿವಂತೆ ಎನಿಸಿಕೊಂಡಿದ್ದ ನಾನೂ ಕೇಳಲಿಲ್ಲ. ಒಂದು ಮೂಟೆ ತೆಂಗಿನಕಾಯಿ ಕಟ್ಟಿಕೊಂಡು ಹೊರಟೆವು.

ಆಪರೇಷನ್ ಚೆನ್ನಾಗಿಯೇ ಆಯಿತು. "ತಲೆ ಅಲುಗಿಸಬಾರದು, ಬಗ್ಗಬಾರದು" ಎಂದು ಹೇಳಿ ಕಳಿಸಿದರು. ನಮ್ಮವರು ನಮ್ಮನ್ನು ಯಶವಂತಪುರದಲ್ಲಿ ಬಿಟ್ಟು, ಕಾಯಿ ಕೀಳಿಸುವುದಿದೆ ಎಂದು ಊರಿಗೆ ಹೋದರು. ಚಿಕ್ಕಮ್ಮ ಏನೂ ಕಡಿಮೆ ಮಾಡಲಿಲ್ಲ. ಆದರೆ ಕಟ್ಟು ಬದಲಾಯಿಸಲು ಹೊರಟ ಮೊದಲ ದಿನವೇ ಗ್ರಹಚಾರ ವಕ್ಕರಿಸಿತು. ಎರಡು ಬಸ್ಸು ಹತ್ತಿ ಇಳಿಯಬೇಕಿತ್ತು. ಎರಡನೇ ಬಸ್ಸು ಗಕ್ಕನೆ ನಿಂತಾಗ ಅತ್ತೆಯ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು.

ಕಟ್ಟು ಬಿಚ್ಚಿದ ಡಾಕ್ಟರು ಮುಖ ಗಂಟಿಕ್ಕಿದರು. "ಒಳಗೆ ಸ್ವಲ್ಪ ರಕ್ತ ಇಳಿದಿದೆ. ಇನ್ನೊಂದು ಸಲ ಹೀಗಾದ್ರೆ ಈ ಕಣ್ಣು ಉಳಿಯಲ್ಲಮ್ಮ. ಎಲ್ಲಿ ಇಳ್ಕೊಂಡಿದ್ದೀರಿ?" ಹೇಳಿದೆ. "ಅಷ್ಟು ದೂರ ಯಾರು ಹೋಗು ಅಂದ್ರು? ನಡೆದು ಬರೋವಷ್ಟು ಹತ್ತಿರ ಇರಿ" ಎಂದರು.

ಹತ್ತಿರ ಎಲ್ಲಿ? ಗಂಡಸರಿಲ್ಲದೆ ಬಂದ ಹೆಂಗಸರಿಗೆ ಲಾಡ್ಜಿನವರು ಆಗ ಕೋಣೆ ಕೊಡುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಬಂದಿದ್ದ ಹೆಂಗಸೊಬ್ಬರು ಏನಾಯಿತೆಂದು ಕೇಳಿದರು. ಹೆಸರು ಸರೋಜಮ್ಮ, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಎಲ್ಲ ಕೇಳಿಸಿಕೊಂಡು, "ನಮ್ಮನೆ ಇಲ್ಲೇ ಚಾಮರಾಜಪೇಟೆ ಕಣ್ರೀ. ನಿಧಾನಕ್ಕೆ ನಡ್ಕೊಂಡೇ ಹೋಗ್ಬೋದು. ಬನ್ನಿ" ಎಂದರು.

ನನಗಿಂತ ಮೊದಲು ಅತ್ತೆಯೇ ತಕರಾರು ತೆಗೆದರು. "ಬರಿಗೈಲಿ ಒಬ್ರ ಮನೆ ಬಾಗ್ಲಿಗೆ ಹೆಂಗವ್ವ ಹೋಗಾದು? ತಂದಿದ್ ಕಾಯೆಲ್ಲ ತಂಗಿ ಮನೇಲಿ ಇಳಿಸ್ಬುಟ್ವಿ."

"ಕಣ್ಣು ಬರ್ಲಿ, ಆಮೇಲೆ ನೀವೇ ನೋಡಿ ಆರಿಸ್ಕೊಂಡು ತಂದ್ಕೊಡಿ. ಈಗ ತಲೆ ಅಲ್ಲಾಡಿಸ್ದೆ ಏಳಿ" ಎಂದರು ಸರೋಜಮ್ಮ. ಅತ್ತೆ ನಕ್ಕರು. ಅವರನ್ನು ಸರೋಜಮ್ಮನ ಮನೆಯಲ್ಲಿ ಬಿಟ್ಟು ನಾನು ಯಶವಂತಪುರಕ್ಕೆ ಹೋಗಿ, ಚಿಕ್ಕಮ್ಮನಿಗೆ ಹೇಳಿ ಬಟ್ಟೆಬರೆ ತಂದೆ.

ಅದೊಂದು ವಠಾರ. ಸಾಲಾಗಿ ಆರು ಮನೆ, ಎಲ್ಲರಿಗೂ ಒಂದೇ ನಲ್ಲಿ. ಸರೋಜಮ್ಮನ ಮನೆ ಎಂದರೆ ಒಂದು ಕೋಣೆ, ಹಿಂದೆ ಇಕ್ಕಟ್ಟಾದ ಅಡುಗೆಮನೆ. ಗಂಡನಿಗೆ ಪ್ರೆಸ್ಸಿನಲ್ಲಿ ಕೆಲಸ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. "ಹಿಂದಿನ ಬೀದೀಲಿ ನಮ್ಮ ಗುರುತಿನವರ ಮನೆ ಖಾಲಿ ಇದೆ, ಬೀಗದ ಕೈ ನಮ್ಮ ಹತ್ರಾನೇ ಇದೆ. ನಾವು ಅಲ್ಲಿ ಮಲಗ್ತೀವಿ" ಎಂದು ಕೋಣೆಯನ್ನು ನಮಗೇ ಬಿಟ್ಟುಕೊಟ್ಟರು.

ನನಗೆ ಅನುಮಾನ. ಗುರುತು ಪರಿಚಯವಿಲ್ಲದವರು ಇಷ್ಟು ಮಾಡುತ್ತಾರೆಂದರೆ ಏನೋ ಇರಬೇಕು ಎಂದುಕೊಂಡು, ಅತ್ತೆಯ ಬಂಗಾರದ ಬಳೆ ಬಿಚ್ಚಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೇ ದಿನ ಬೆಳಗ್ಗೆ ಬೇಗ ಎಚ್ಚರವಾಗಿ, ನಾನೇ ನೀರು ತರೋಣವೆಂದು ಬಿಂದಿಗೆ ಹಿಡಿದು ನಲ್ಲಿಯ ಕಡೆ ಹೋದೆ. ನಲ್ಲಿಯ ಆಚೆ, ಬಚ್ಚಲುಮನೆಗೆ ಹೋಗುವ ಓಣಿಯಲ್ಲಿ ಚಾಪೆ ಹಾಸಿಕೊಂಡು ನಾಲ್ಕೂ ಜನ ಮಲಗಿದ್ದರು. ಚಿಕ್ಕ ಮಗಳ ಕಾಲು ಚರಂಡಿಯ ಅಂಚಿನಲ್ಲಿತ್ತು. ಗುರುತಿನವರ ಮನೆಯೂ ಇಲ್ಲ, ಬೀಗದ ಕೈಯೂ ಇಲ್ಲ. ಎದ್ದು ನನ್ನನ್ನು ಕಂಡ ಸರೋಜಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

"ಯಾಕ್ರೀ ಹಿಂಗ್ ಮಾಡುದ್ರಿ?" ಎಂದೆ.

"ಬೇಸಿಗೆ ಅಲ್ವೇನ್ರೀ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ. ಅಮ್ಮನಿಗೆ ಹೇಳ್ಬೇಡಿ, ಎದ್ದು ಹೊರಟೇಬಿಡ್ತಾರೆ."

ನಾನು ಹೇಳಲಿಲ್ಲ. ಕಣ್ಣು ಉಳಿಯಬೇಕಿತ್ತು, ಸ್ವಾರ್ಥಿಯಾಗಿ ಸುಮ್ಮನಿದ್ದೆ. ಮಕ್ಕಳಿಬ್ಬರನ್ನು ಮಾತ್ರ ಹಠ ಮಾಡಿ ಒಳಗೆ ನಮ್ಮ ಜೊತೆ ಮಲಗಿಸಿಕೊಂಡೆ. ಬಳೆಗಳನ್ನು ಸೆರಗಿನಿಂದ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟೆ.

ಕೊನೆಯ ದಿನ ಸರೋಜಮ್ಮನೂ ಆಸ್ಪತ್ರೆಗೆ ಬಂದರು. ಡಾಕ್ಟರು ಕಟ್ಟು ಬಿಚ್ಚಿ, ಕಣ್ಣಿಗೆ ದಪ್ಪ ಗಾಜು ಹಿಡಿದು, "ಎಷ್ಟು ಬೆರಳಮ್ಮ?" ಎಂದರು. "ಮೂರು. ಉಂಗ್ರನೂ ಹಾಕಿದ್ದೀಯಲ್ಲಪ್ಪ!" ಎಂದರು ಅತ್ತೆ. ಎಲ್ಲರೂ ನಕ್ಕೆವು, ನನಗೆ ನಗುತ್ತಲೇ ಅಳು ಬಂತು. ಆಮೇಲೆ ಅತ್ತೆ ಸರೋಜಮ್ಮನ ಕೆನ್ನೆ ಹಿಡಿದು ಬಹಳ ಹೊತ್ತು ನೋಡಿದರು.

ಓಣಿಯ ವಿಷಯವನ್ನು ರೈಲಿನಲ್ಲಿ ಹೇಳಿದೆ. ತುಮಕೂರು ದಾಟಿದ ಮೇಲೆ ಅತ್ತೆ, "ಅವ್ರು ನಮ್ಮೂರಿಗ್ ಬಂದಿದ್ರೆ ನಾವೇನ್ ಮಾಡ್ತಿದ್ವು ಕಣೇ?" ಎಂದರು. ಮರುವರ್ಷ ಎಡಗಣ್ಣಿನ ಆಪರೇಷನ್ನಿಗೆ ಹೊರಟಾಗ ಸರೋಜಮ್ಮನ ಮನೆಗೆಂದು ಒಂದೊಂದು ಕಾಯಿಯನ್ನೂ ತಾವೇ ಆರಿಸಿ ಕಟ್ಟಿಸಿದರು.

ಅತ್ತೆ ಈಗಿಲ್ಲ. ನಾವು ಊರು ಬಿಟ್ಟು ತಿಪಟೂರಿಗೆ ಬಂದಿದ್ದೇವೆ, ನಮ್ಮದು ಐದು ಕೋಣೆಯ ಮನೆ. ಯಾರಾದರೂ ನಾಲ್ಕು ದಿನ ಇರಲು ಬರುತ್ತೇವೆ ಎಂದರೆ, ಸುಳ್ಳೇಕೆ ಹೇಳಲಿ, "ಜಾಗ ಎಲ್ಲಿದೆ?" ಎಂಬ ಮಾತೇ ಮೊದಲು ನಾಲಿಗೆಯ ತುದಿಗೆ ಬರುತ್ತದೆ. ಆಗ ಸರೋಜಮ್ಮ ನೆನಪಾಗುತ್ತಾರೆ. ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡು, "ಬನ್ನಿ" ಎನ್ನುತ್ತೇನೆ.