ಮೊದಲೇ ಬರೆದಿಟ್ಟ ಫಲಿತಾಂಶ

ಕಾಗದದಲ್ಲಿ ಐದು ಕಲಂಗಳಿದ್ದವು. ಕೊನೆಯದು ಉಳಿದವುಗಳಿಗಿಂತ ಅರ್ಧ ಇಂಚು ಅಗಲ. ಅದರ ತಲೆಯ ಮೇಲೆ ‘ನಿಜವಾಗಿ ಏನಾಯಿತು’ ಎಂದಿತ್ತು.

ಕೊಟ್ಟವರು ಜಯಲಕ್ಷ್ಮಿಪುರಂನ ಮನೆಯೊಂದರ ಮೊದಲ ಮಹಡಿಯಲ್ಲಿ ಖಾಸಗಿಯಾಗಿ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಎಂದರೆ ಯೋಚನೆ-ನಡವಳಿಕೆಗಳನ್ನು ಮಾತಿನಿಂದಲೇ ಪರೀಕ್ಷಿಸಿ ತಿದ್ದುವ ಚಿಕಿತ್ಸೆ, ನಡೆಸುವ ಥೆರಪಿಸ್ಟ್. ನಾನು ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಆ ಸೆಮಿಸ್ಟರಿನಲ್ಲಿ ಎರಡು ಸಲ, ಪಾಠದ ನಡುವೆ ಎದೆ ಹೊಡೆದುಕೊಂಡು ಬಾಯೊಣಗಿ, ತರಗತಿ ಬಿಟ್ಟು ಹೊರಗೆ ಬಂದಿದ್ದೆ. ವಿಭಾಗದ ಮುಖ್ಯಸ್ಥೆಗೆ ಗಂಟಲು ಕಟ್ಟಿದೆ ಎಂದಿದ್ದೆ. ಅವರು ನನ್ನ ಥಿಯರಿ ತರಗತಿಗಳನ್ನು ಬೇರೆಯವರಿಗೆ ಹಂಚಿ, ನನ್ನನ್ನು ಪ್ರಯೋಗಾಲಯಕ್ಕೆ ಮಾತ್ರ ಇಟ್ಟುಕೊಂಡರು. ಥಿಯರಿ ತೆಗೆದುಕೊಳ್ಳದವರನ್ನು ಮುಂದಿನ ವರ್ಷ ಕರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪಾಠ ಹೇಳುವುದು ಬಿಟ್ಟು ನನಗೆ ಬೇರೆ ಕೆಲಸ ಬೇಕಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಮಾತ್ರ ಹೇಳಿದೆ.

“ಮಾತಾಡೋಕೆ ವಿದ್ಯಾರಣ್ಯಪುರಂನಿಂದ ಅಲ್ಲೀತನಕ ಹೋಗ್ಬೇಕಾ? ನನ್ ಹತ್ರಾನೇ ಮಾತಾಡು ಕಣಮ್ಮ, ಕಾಫೀನೂ ಕೊಡ್ತೀನಿ” ಎಂದಳು. ಆಮೇಲೆ ಏನೂ ಕೇಳಲಿಲ್ಲ. ಅದಕ್ಕೆ ನಾನು ಋಣಿ.

ಬಾಲ್ಯವನ್ನೆಲ್ಲ ಕೆದಕುತ್ತಾರೆ, ಅಳಬೇಕಾಗುತ್ತದೆ ಎಂದುಕೊಂಡು ಮೊದಲ ದಿನ ಎರಡು ಕರವಸ್ತ್ರ ಒಯ್ದಿದ್ದೆ. ಎರಡೂ ಮಡಿಕೆ ಬಿಚ್ಚದೆ ವಾಪಸ್ಸು ಬಂದವು. ಅವರು ಕೇಳಿದ್ದು ನಾನು ಎರಡನೆಯ ಸಲ ತರಗತಿ ಬಿಟ್ಟು ಬಂದ ಮಂಗಳವಾರದ ಬಗ್ಗೆ: ಹೊರಗೆ ಬರುವ ಮುಂಚೆ ಮನಸ್ಸಿನಲ್ಲಿ ಓಡಿದ ವಾಕ್ಯ ಯಾವುದು? ತಡವರಿಸಿ ನಿಂತರೆ ಹುಡುಗರೆಲ್ಲ ನಗುತ್ತಾರೆ, ಎಂದೆ. ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂದರು. ತೊಂಬತ್ತೈದು. ಒಂದು ಇಡೀ ಥಿಯರಿ ತರಗತಿ ತೆಗೆದುಕೊಳ್ಳುವುದೇ ಗುರಿ ಎಂದು ಇಬ್ಬರೂ ಸೇರಿ ಬರೆದೆವು. ಹೋಂವರ್ಕ್ ಕೂಡ ಇತ್ತು.

ಮೂರನೆಯ ವಾರದ ಹೋಂವರ್ಕ್ ಒಂದು ಪ್ರಯೋಗ. ಲ್ಯಾಬಿನಲ್ಲಿ ವಿವರಿಸುತ್ತಿರುವಾಗ ಬೇಕೆಂದೇ ಮಾತು ನಿಲ್ಲಿಸಿ, ಹತ್ತರವರೆಗೆ ಎಣಿಸಿ, ಆದದ್ದನ್ನು ಆ ಐದನೆಯ ಕಲಂನಲ್ಲಿ ಬರೆಯಬೇಕು. ನನಗೆ ಧೈರ್ಯ ಸಾಲಲಿಲ್ಲ. ‘ಕೆಲವರು ನಕ್ಕರು, ಇಬ್ಬರು ಪಿಸುಗುಟ್ಟಿದರು’ ಎಂದು ದುಂಡಗೆ ಬರೆದು ಒಯ್ದೆ. ಬಿ.ಎಸ್ಸಿ.ಯಲ್ಲಿ ನಾವೆಲ್ಲ ಮಾಡುತ್ತಿದ್ದದ್ದೇ ಇದು: ಸೀನಿಯರ್‌ಗಳ ರೆಕಾರ್ಡ್ ನೋಡಿ ಉತ್ತರವನ್ನು ಮೊದಲೇ ಬರೆದು, ಟೈಟ್ರೇಶನ್ ಪ್ರಯೋಗದ ಅಂಕಿಗಳನ್ನು ಅದಕ್ಕೆ ಹೊಂದಿಸುವುದು.

ಥೆರಪಿಸ್ಟ್ ಓದಿ, ನಕ್ಕವರು ಎಲ್ಲಿ ನಿಂತಿದ್ದರು ಎಂದು ಕೇಳಿದರು. ಹಿಂದೆಲ್ಲೋ ಇರಬೇಕು, ಎಂದೆ.

“ಇದು ಆಗಿದ್ದಲ್ಲ, ಆಗುತ್ತೆ ಅಂದ್ಕೊಂಡಿದ್ದು, ಅಲ್ವಾ?” ಎಂದರು. ದನಿಯಲ್ಲಿ ಆಕ್ಷೇಪವಿರಲಿಲ್ಲ. “ನಿಮ್ಮ ಸ್ಟೂಡೆಂಟ್ ಹೀಗೆ ಬರ್ಕೊಂಡು ಬಂದ್ರೆ ಏನ್ ಮಾಡ್ತೀರಾ?”

“ಬರೆದಿದ್ದನ್ನ ಹೊಡೆದು ಹಾಕಿ, ಪ್ರಯೋಗ ಮತ್ತೆ ಮಾಡಿಸ್ತೀನಿ.”

ಅವರು ಹೊಸ ಕಾಗದ ಕೊಟ್ಟರು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ನಾನು ಸುಳ್ಳು ಬರೆದದ್ದು ಆ ವಾರ ಮಾತ್ರವಲ್ಲ. ತರಗತಿಗೆ ಕಾಲಿಡುವ ಮುಂಚೆಯೇ ಪ್ರತಿ ದಿನವೂ ಫಲಿತಾಂಶ ಬರೆದುಕೊಂಡು ಹೋಗುತ್ತಿದ್ದೆ.

ಗುರುವಾರ ಲ್ಯಾಬಿನಲ್ಲಿ ಇಪ್ಪತ್ತು ವಿದ್ಯಾರ್ಥಿಗಳಿದ್ದರು. ಲವಣ ಪರೀಕ್ಷೆಯ ಮೊದಲ ಹಂತ ಹೇಳುತ್ತಾ, ವಾಕ್ಯದ ನಡುವೆ ನಿಲ್ಲಿಸಿದೆ. ನಾಲ್ಕು ಎಣಿಸುವಷ್ಟರಲ್ಲಿ ಕಿವಿಯಲ್ಲೇ ನಾಡಿ ಹೊಡೆಯುತ್ತಿತ್ತು. ಹಿಂದೊಬ್ಬ ಆಕಳಿಸಿದ. ಏಳಕ್ಕೆ ಮುಂದೆ ನಿಂತಿದ್ದ ಹುಡುಗಿ ಪೆನ್ನೆತ್ತಿದಳು.

“ಮೇಡಂ, ಇದನ್ನ ಬರ್ಕೊಬೇಕಾ?”

ಇಷ್ಟೇ. ಒಬ್ಬರೂ ನಗಲಿಲ್ಲ; ನನ್ನ ಮೌನ ಪರೀಕ್ಷೆಗೆ ಬರುತ್ತದೆಯೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ. ಹತ್ತು ಪೂರ್ತಿ ಎಣಿಸಿ, ಬೇಡ, ಕೇಳಿಸಿಕೊಳ್ಳಿ ಎಂದು ಮುಂದುವರಿಸಿದೆ. ಮಧ್ಯಾಹ್ನದ ಬ್ಯಾಚಿಗೆ ಇಪ್ಪತ್ತರವರೆಗೆ ಎಣಿಸಿದೆ. ಅಲ್ಲಿ ಯಾರೂ ತಲೆಯನ್ನೇ ಎತ್ತಲಿಲ್ಲ. ಬ್ಯಾಚು ಮುಗಿದ ಮೇಲೆ ಲ್ಯಾಬಿನ ಪಕ್ಕದ ತಕ್ಕಡಿಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಒಬ್ಬಳೇ ನಕ್ಕೆ.

ಮರುದಿನ ಬೆಳಿಗ್ಗೆ ಮುಖ್ಯಸ್ಥೆಯ ಮೇಜಿನ ಮುಂದೆ ನಿಂತು, ಅಂದು ಗಂಟಲಿಗೆ ಏನೂ ಆಗಿರಲಿಲ್ಲ, ಹೆದರಿಕೆಯಾಗಿತ್ತು, ನನ್ನ ತರಗತಿಗಳನ್ನು ವಾಪಸ್ಸು ಕೊಡಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಮೊದಲ ಅವಧಿಯ ಮೇಷ್ಟ್ರು ಬಂದಿಲ್ಲ, ಈಗಲೇ ಹೋಗುತ್ತೀರಾ ಎಂದು ಕೇಳಿದರು. ಹಾಜರಿ ಪುಸ್ತಕ ತೆಗೆದುಕೊಂಡು ಎರಡನೆಯ ಮಹಡಿಗೆ ಹತ್ತಿದೆ. ಗಂಟೆ ಹೊಡೆಯುವವರೆಗೂ ಪಾಠ ಮಾಡಿದೆ.