ಬೆಳಕು ಹಿಡಿದವನ ಮಗಳು

ಹೊತ್ತು ಇನ್ನೂ ಸರಿಯಾಗಿ ಮೂಡಿಲ್ಲ. ನೆಲಮಾಳಿಗೆಯ ಬೀಗ ತೆಗೆದು, ಒಳಗೆ ಕಾಲಿಡುವ ಮೊದಲು ಆಕೆ ಒಂದು ಗಳಿಗೆ ಕೈಮುಗಿದು ನಿಲ್ಲುತ್ತಾರೆ. ಗೋಡೆಯುದ್ದಕ್ಕೂ ತಗಡಿನ ಡಬ್ಬಿಗಳು. ಎಂದೋ ನಿಂತುಹೋದ ವಾರಪತ್ರಿಕೆಯೊಂದರ ಛಾಯಾಗ್ರಾಹಕರು ಕಳೆದ ಶತಮಾನದಲ್ಲಿ ಊರೂರು ಅಲೆದು ತೆಗೆದ ಚಿತ್ರಗಳ ನೆಗೆಟಿವ್‌ಗಳು ಅವುಗಳೊಳಗಿವೆ. ಪಾಳಿ ಬಿಟ್ಟಾಗಿನ ಗಿರಣಿಯ ನೂಕುನುಗ್ಗಲು, ಮೊದಲ ಬಸ್ಸಿನ ಹಿಂದೆ ಓಡಿದ ಮಕ್ಕಳು, ಹೆರಿಗೆ ಆಸ್ಪತ್ರೆಯ ಹೊರಗೆ ಉಗುರು ಕಚ್ಚುತ್ತ ನಿಂತ ಗಂಡಂದಿರು. ಆಕೆ ಹತ್ತಿಯ ಕೈಗವಸು ತೊಟ್ಟು, ಬೆಳಕಿನ ಮೇಜಿನ ಮೇಲೆ ಫಿಲ್ಮು ಹರಡಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರಾಗಿ ಧೂಳು ಒರೆಸಿ ಸ್ಕ್ಯಾನಿಗೆ ಕೊಡುತ್ತಾರೆ. ದಿನಕ್ಕೆ ನಲವತ್ತು ರೀಲು ಕೈ ದಾಟಿದರೆ ಹೆಚ್ಚು.

ಅರವತ್ತರ ಹತ್ತಿರದ ಈ ಹೆಣ್ಣುಮಗಳು ಹೊಟ್ಟೆಪಾಡಿಗೇ ಈ ಕೆಲಸ ಹಿಡಿದದ್ದು. ಆದರೆ ಮನಸ್ಸು ಹುಡುಕುವುದು ಬೇರೆಯದನ್ನು. ಆಕೆಯ ತಂದೆ ಇದೇ ಪತ್ರಿಕೆಯಲ್ಲಿ, ಛಾಯಾಗ್ರಾಹಕರ ಜೊತೆ ಹೋಗಿ ದೀಪ ಹಿಡಿಯುವ ಕೆಲಸದಲ್ಲಿದ್ದರು. ಸಾವಿರಾರು ಮುಖಗಳಿಗೆ ಬೆಳಕು ಕೊಟ್ಟು, ಮಗಳು ತೊಟ್ಟಿಲಲ್ಲಿರುವಾಗಲೇ ಜ್ವರ ಬಂದು ಹೋಗಿಬಿಟ್ಟರು. ಅವರದೊಂದು ಫೋಟೊವೂ ಮನೆಯಲ್ಲಿಲ್ಲ. “ಫೋಟೊದವರ ಮನೇಲೇ ಫೋಟೊ ಇಲ್ಲ ಅಂತ ನೆಂಟರು ಇವತ್ತಿಗೂ ಆಡ್ಕೋತಾರೆ” ಎಂದು ನಗುತ್ತಾರೆ.

ಕ್ಯಾಮೆರಾಕ್ಕೆ ಹೊಸ ರೀಲು ಹಾಕಿದಾಗ, ಬೆಳಕು ತಾಗಿ ಕೆಟ್ಟ ತುದಿ ದಾಟಲೆಂದು ಎದುರಿಗೆ ಸಿಕ್ಕಿದ್ದನ್ನು ಒಂದೆರಡು ಸಲ ಸುಮ್ಮನೆ ಕ್ಲಿಕ್ಕಿಸುವುದು ಆಗಿನ ರೂಢಿ. ಎದುರಿಗೆ ಸಿಗುತ್ತಿದ್ದದ್ದು ದೀಪ ಹಿಡಿದ ಅಪ್ಪ. ಯಾರೂ ಅಚ್ಚು ಹಾಕಿಸದ ಆ ದಂಡದ ಚಿತ್ರಗಳಲ್ಲಿ ಅಪ್ಪನ ಚಪ್ಪಲಿ ಸಿಕ್ಕಿದೆ, ಮೊಣಕೈ ಸಿಕ್ಕಿದೆ, ಒಮ್ಮೆ ಒಂದು ಕಿವಿ. ಮುಖ ಇರಬೇಕಾದಲ್ಲಿ ಮಾತ್ರ ಪ್ರತಿಸಲವೂ ಬೆಳಕು ನುಗ್ಗಿದೆ.

“ಅಕ್ಕಾ, ಮೊಣಕೈನೂ ಸ್ಕ್ಯಾನ್ ಮಾಡ್ಬೇಕಾ?” ಪಕ್ಕದ ಮೇಜಿನ ಸಹೋದ್ಯೋಗಿ ಕಾಲೆಳೆಯುತ್ತಾನೆ.

“ನಮ್ಮಪ್ಪನ ಮೊಣಕೈ ಕಣಪ್ಪ. ಸ್ವಲ್ಪ ಮರ್ಯಾದೆ ಕೊಟ್ಟು ಮಾಡು.”

ಸಂಜೆ ಮನೆ ಸೇರಿದರೆ ಹಾಸಿಗೆ ಹಿಡಿದ ತಾಯಿಯದು ಒಂದೇ ಪ್ರಶ್ನೆ: “ಇವತ್ತಾದ್ರೂ ಸಿಕ್ಕಿದ್ರಾ?” ಮೊಣಕೈ ಗುರುತು ಹಿಡಿದದ್ದೂ ಆ ತಾಯಿಯೇ, ಮಡಚಿದ ಅಂಗಿತೋಳಿನ ಹೊಲಿಗೆ ನೋಡಿ. ಆದರೆ ಇತ್ತೀಚೆಗೆ ಗಂಡನ ಬೈತಲೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತಡಕಾಡುತ್ತಾರೆ. “ಕಣ್ಣು ಮುಚ್ಚಿದ್ರೆ ಅಂಗಿ ಕಾಣತ್ತೆ ಕಣೇ, ಮುಖ ಕಾಣಲ್ಲ” ಎಂದು ಮೊನ್ನೆ ಅತ್ತರಂತೆ.

ಅಪ್ಪನ ಕೊನೆಯ ವರ್ಷದ ರೀಲುಗಳು ಇನ್ನೂ ತೆರೆಯದ ಡಬ್ಬಿಗಳಲ್ಲಿವೆ. ಅವುಗಳ ಫಿಲ್ಮು ಕೊಳೆಯತೊಡಗಿ ಹುಳಿ ವಾಸನೆ ಹೊಡೆಯುತ್ತಿದೆ. ಚೆನ್ನಾಗಿರುವುದನ್ನು ಮೊದಲು ಉಳಿಸಿಕೊಳ್ಳೋಣ ಎನ್ನುತ್ತಾರೆ ಮೇಲಿನವರು. ಅದು ತಪ್ಪೂ ಅಲ್ಲ. “ಕೆಟ್ಟಿದ್ದನ್ನ ನನಗೆ ಕೊಡಿ, ಬೆಳಿಗ್ಗೆ ಬೇಗ ಬಂದು ನೋಡ್ಕೋತೀನಿ” ಎಂದು ಆಕೆ ಕೇಳಿಕೊಂಡಿದ್ದಾರೆ. ಉತ್ತರ ಬಂದಿಲ್ಲ. ದೇವರು ದೊಡ್ಡವನು ಎಂದು ಕಾಯುತ್ತಿದ್ದಾರೆ.

ಕಾಯುತ್ತಲೇ ಪರದೆಯ ಮೇಲೆ ಒಂದು ಚಿತ್ರ ಹಿಗ್ಗಿಸಿ ತೋರಿಸುತ್ತಾರೆ. ಹೊಲಿಗೆ ಯಂತ್ರದ ಮುಂದೆ ತಲೆಯೆತ್ತಿ ಕುಳಿತ ಹೆಂಗಸು. ಕಣ್ಣಿನ ಕಪ್ಪಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿ.

“ಇದು ನಮ್ಮಪ್ಪ ಹಿಡಿದ ದೀಪ. ಅದರ ಹಿಂದೆನೇ ನಿಂತಿರ್ತಾರೆ. ನನಗಂತೂ ಕಾಣ್ತಿಲ್ಲ.” ಬೆರಳು ಆ ಚುಕ್ಕಿಯ ಹತ್ತಿರ ಹೋಗಿ, ಮುಟ್ಟದೆ ನಿಲ್ಲುತ್ತದೆ. “ಇವಳಾದ್ರೂ ನೋಡಿದ್ಲಲ್ಲ.”