ನನ್ನ ‘ಇರ್ಲಿ ಬಿಡು’

ಮಕ್ಕಳನ್ನು ಬೈಯದ ಟೀಚರ್ ಎಂದು ನನಗೊಂದು ಹೆಸರಿತ್ತು. ಕಷ್ಟಪಟ್ಟು ಗಳಿಸಿದ ಹೆಸರು, ಅದರ ಬಗ್ಗೆ ಒಳಗೊಳಗೇ ಜಂಭವೂ ಇತ್ತು. ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಬುಧವಾರ ಮತ್ತು ಶನಿವಾರ ಸಂಜೆ ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತು ಹಾಡು ಕಲಿಯುತ್ತಾರೆ. ನಾನು ಹಾರ್ಮೋನಿಯಂ ಹಿಡಿದು ಒಂದು ಸಾಲು ಹೇಳುತ್ತೇನೆ, ಅವರೆಲ್ಲ ಒಟ್ಟಿಗೆ ಹೇಳುತ್ತಾರೆ, ಆಮೇಲೆ ಒಬ್ಬೊಬ್ಬರಿಂದ ಹೇಳಿಸುತ್ತೇನೆ. ಯಾರಿಗಾದರೂ ಬರದಿದ್ದರೆ ಗದರುತ್ತಿರಲಿಲ್ಲ. ಒಮ್ಮೆ, ಹೆಚ್ಚೆಂದರೆ ಎರಡು ಸಲ ಹೇಳಿಸಿ, ಮುಗುಳ್ನಕ್ಕು, “ಇರ್ಲಿ ಬಿಡು” ಎಂದು ಪಕ್ಕದ ಮಗುವಿನ ಕಡೆ ತಿರುಗುತ್ತಿದ್ದೆ. ಹದಿನಾಲ್ಕು ಮಕ್ಕಳು, ಒಂದು ತಾಸಿನ ಪಾಠ. ಒಬ್ಬರಿಗಾಗಿ ಎಲ್ಲರನ್ನೂ ಕಾಯಿಸಲು ಆಗುವುದಿಲ್ಲ.

ಈ ಸೌಮ್ಯತನಕ್ಕೊಂದು ಹಿನ್ನೆಲೆ ಇದೆ. ನನಗೆ ಹಾಡು ಕಲಿಸಿದ ಗುರುಗಳು ಮಹಾ ಸಿಡುಕರು. ಸ್ವರ ತಪ್ಪಿದರೆ ಅವರು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆ. ಲಂಗದ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹಾಡಿದವಳು ನಾನು. ಮುಂದೆ ನಾನೇ ಕಲಿಸುವಂತಾದರೆ ಒಂದು ಮಗುವನ್ನೂ ಅಳಿಸುವುದಿಲ್ಲ ಎಂದು ಹತ್ತನೇ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ. ಮೂವತ್ತು ವರ್ಷ ಹಾಗೆಯೇ ನಡೆದುಕೊಂಡೆ.

ಕಳೆದ ವರ್ಷ ದಸರಾ ರಜೆಯ ನಂತರ ಒಬ್ಬ ಹುಡುಗಿ ಬರುವುದನ್ನು ನಿಲ್ಲಿಸಿದಳು. ಒಂಬತ್ತು ವರ್ಷದವಳು, ಕಪನೂರಿನಿಂದ ತಾಯಿಯ ಜೊತೆ ಆಟೋದಲ್ಲಿ ಬರುತ್ತಿದ್ದಳು. ತಂದೆ ಅಲ್ಲಿಯ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಮಕ್ಕಳು ಬಿಟ್ಟು ಹೋಗುವುದು ಹೊಸದಲ್ಲ. ಟ್ಯೂಷನ್ ಶುರುವಾಗುತ್ತದೆ, ಡ್ಯಾನ್ಸ್ ಕ್ಲಾಸಿನ ಹುಚ್ಚು ಹಿಡಿಯುತ್ತದೆ, ಮನೆ ಬದಲಾಗುತ್ತದೆ. ಕಾರಣ ಇಂಥದ್ದೇ ಏನಾದರೂ ಇರಬಹುದೆಂದು ಆಕೆಯ ತಾಯಿಗೆ ಫೋನ್ ಮಾಡಿದೆ.

“ಒಲ್ಲೆ ಅಂತಾಳ್ರಿ ಮೇಡಂ. ಯಾಕಂತ ಕೇಳಿದ್ರ ಸುಮ್ನ ಕುಂದರ್ತಾಳ. ಮದಲ ದಿನಾ ಗುನುಗ್ತಿದ್ಳು, ಈಗ ಮನ್ಯಾಗೂ ಹಾಡೂದು ಬಿಟ್ಟಾಳ್ರಿ,” ಎಂದರು ಆಕೆ.

ಫೋನ್ ಇಟ್ಟ ಮೇಲೂ ಆ ಕೊನೆಯ ಮಾತು ಕಿವಿಯಲ್ಲೇ ಉಳಿಯಿತು. ಕ್ಲಾಸು ಬಿಡಲಿ, ಅದಕ್ಕೆ ನನ್ನ ಅಭ್ಯಂತರವಿಲ್ಲ. ನನ್ನ ಹತ್ತಿರ ಹಾಡು ಕಲಿಯಲು ಬಂದ ಮಗು ಹಾಡುವುದನ್ನೇ ಬಿಟ್ಟಿತೆಂದರೆ ನಾನು ಮಾಡಿದ್ದಾದರೂ ಏನು? ನಾನು ಅವಳಿಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ನೆನಪು ಕೆದಕಿ ಕೆದಕಿ ನೋಡಿದೆ, ಏನೂ ಸಿಗಲಿಲ್ಲ.

ಆ ತಳಮಳದಲ್ಲೇ ನಾನು ಕಮಲಾಪುರದ ತರಬೇತಿಗೆ ಒಪ್ಪಿಕೊಂಡದ್ದು. ಮಕ್ಕಳಿಗೆ ಗುಂಪಿನಲ್ಲಿ ಸಂಗೀತ ಹೇಳಿಕೊಡುವವರಿಗಾಗಿ ಪ್ರತಿ ತಿಂಗಳ ಕೊನೆಯ ಭಾನುವಾರ ಅಲ್ಲಿಯ ಒಂದು ಶಾಲೆಯಲ್ಲಿ ನಡೆಯುತ್ತಿತ್ತು. ಅದಕ್ಕೆ ಮೊದಲು ಎರಡು ಸಲ ಕರೆದಿದ್ದರು. ಈ ವಯಸ್ಸಿನಲ್ಲಿ ನನಗೆ ಯಾರು ಏನು ಕಲಿಸುತ್ತಾರೆ ಎಂದು ಮೂಗು ಮುರಿದಿದ್ದೆ. ಈ ಸಲ ಬೆಳಿಗ್ಗೆ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ.

ಹೋದೆ ಎಂದ ಮಾತ್ರಕ್ಕೆ ಬುದ್ಧಿ ಬಂತು ಎಂದಲ್ಲ. ಹನ್ನೊಂದು ಜನ ಶಿಕ್ಷಕರು ಮೂರನೇ ತರಗತಿಯ ಬೆಂಚುಗಳಲ್ಲಿ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದೆವು. ಹೇಳಿಕೊಡುವಾಕೆಗೆ ನನ್ನ ಮಗಳ ವಯಸ್ಸು. ನಾನು ಮಧ್ಯಾಹ್ನದ ತನಕ ನೋಟ್‌ಬುಕ್ಕಿನಲ್ಲಿ ಒಂದಕ್ಷರ ಬರೆಯದೆ ಬಿಂಕದಲ್ಲೇ ಕಳೆದೆ. ಒಂದು ತಾಸಿನಲ್ಲಿ ನಿಮ್ಮ ಒಂದೊಂದು ಮಗು ಎಷ್ಟು ಹೊತ್ತು ಹಾಡುತ್ತದೆ, ಎಷ್ಟು ಹೊತ್ತು ಕಾಯುತ್ತದೆ ಎಂದು ಆಕೆ ಕೇಳಿದಳು. ನಾನು ಅದನ್ನು ಒಮ್ಮೆಯೂ ಲೆಕ್ಕ ಹಾಕಿದವಳಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಮನೆಗೆಲಸ ಕೊಟ್ಟಳು. ನಿಮ್ಮ ಒಂದು ಮಗುವಿನ ಮನೆಗೆ ಹೋಗಿ ಅದರಿಂದ ಒಂದು ಹಾಡು ಕಲಿತು ಬನ್ನಿ, ಮಗು ಟೀಚರ್, ನೀವು ವಿದ್ಯಾರ್ಥಿ, ಹಾರ್ಮೋನಿಯಂ ಒಯ್ಯಬೇಡಿ, ನಡುವೆ ತಿದ್ದಬೇಡಿ. ಇಷ್ಟೇ. ವಾಪಸ್ ಬಸ್ಸಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ ಯೋಚಿಸಿದೆ. ಮೊದಲು ಹೊಳೆದದ್ದು ನನ್ನ ಕ್ಲಾಸಿನ ಅತಿ ಜಾಣ ಹುಡುಗ. ಎರಡನೇ ಹಣ್ಣು ಮುಗಿಯುವ ಹೊತ್ತಿಗೆ, ಹೋಗಬೇಕಾದ ಮನೆ ಅದಲ್ಲ ಎಂದು ನನಗೇ ಗೊತ್ತಾಗಿತ್ತು. ಆದರೂ ಕಪನೂರಿಗೆ ಹೋಗಲು ಧೈರ್ಯ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ಮುಂದಿನ ತರಬೇತಿಯ ಹಿಂದಿನ ದಿನದ ತನಕ ತಳ್ಳಿದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋದಾಗ ಹುಡುಗಿಯ ಅಜ್ಜಿ ಬಾಗಿಲಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ನನ್ನನ್ನು ಕಂಡದ್ದೇ ಹುಡುಗಿ ಒಳಗೆ ಓಡಿ ಪರದೆಯ ಹಿಂದೆ ನಿಂತಳು. ಕ್ಲಾಸಿಗೆ ಕರೆಯಲು ಬಂದಿಲ್ಲ, ಹಾಡು ಕಲಿಯಲು ಬಂದಿದ್ದೇನೆ, ಕಲಿಯದೆ ಹೋದರೆ ನಾಳೆ ನನ್ನ ಟೀಚರ್ ಬೈಯುತ್ತಾರೆ ಎಂದು ಪರದೆಗೆ ಕೇಳುವಂತೆ ಅಜ್ಜಿಗೆ ಹೇಳಿದೆ.

ಪರದೆ ಸ್ವಲ್ಪ ಸರಿಯಿತು. “ನಿಮಗೂ ಟೀಚರ್ ಅದಾರೇನ್ರಿ?”

“ಅದಾರವ್ವ. ಭಾಳ ಕಡಕ್ ಅದಾರ,” ಎಂದೆ.

ಅವಳು ಹೊರಗೆ ಬಂದಳು. ನನ್ನನ್ನು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರಿಸಿ ತಾನು ಎದುರಿಗೆ ಕೂತಳು. ಕಲಿಸಲು ಆರಿಸಿದ್ದು ಅಜ್ಜಿಯ ಪದ, ತೊಗರಿ ಹಸನು ಮಾಡುವಾಗ ಹೇಳುವಂಥದ್ದು. ಮೊದಲ ಸಾಲು ನನಗೆ ಸಲೀಸಾಗಿ ಬಂತು. ಎರಡನೆಯದರಲ್ಲಿ ಒಂದು ತಿರುವು ಇತ್ತು. ದನಿ ಮೇಲೇರುವಂತೆ ಮಾಡಿ ಅರ್ಧಕ್ಕೇ ಜಾರುತ್ತದೆ. ಆ ಜಾಗ ಹಾರ್ಮೋನಿಯಂನ ಎರಡು ಕೀಗಳ ನಡುವೆ ಎಲ್ಲೋ ಇದೆ. ನನ್ನ ಗಂಟಲು ಅಲ್ಲಿಗೆ ಹೋಗಲು ಒಪ್ಪದೆ ಪ್ರತಿ ಸಲ ನೆಟ್ಟಗೆ ಪರಿಚಯದ ಸ್ವರದ ಮೇಲೆ ಹೋಗಿ ಕೂರುತ್ತಿತ್ತು. ಒಂದು ಸಲ ತಪ್ಪಿದೆ. ಎರಡನೇ ಸಲವೂ ತಪ್ಪಿದೆ. ಅಜ್ಜಿ ತಲೆ ಎತ್ತದೆ ಮೊರದೊಳಗೇ ನಕ್ಕರು.

ಮೂರನೇ ಸಲ ತಪ್ಪಿದಾಗ ಹುಡುಗಿ ಕತ್ತನ್ನು ತುಸು ವಾಲಿಸಿ ಮುಗುಳ್ನಕ್ಕಳು. “ಇರ್ಲಿ ಬಿಡ್ರಿ,” ಎಂದಳು. ಎಂದು, ಪಕ್ಕದವರ ಕಡೆ ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ, ನೀರಿನ ಕೊಡ ಇತ್ತು.

ಆ ನಗೆ ನನ್ನದು. ಕತ್ತು ವಾಲಿಸುವುದು ನನ್ನದು, ತಿರುಗುವುದೂ ನನ್ನದೇ. ಅವಳು ಅಣಕಿಸಲಿಲ್ಲ. ಬಾರದವರಿಗೆ ಟೀಚರ್ ಆದವರು ಹೀಗೇ ಮಾಡಬೇಕೆಂದು ನಂಬಿ, ನನಗೆ ನೋವಾಗದಿರಲೆಂದೇ ಹೇಳಿದ್ದಳು. ನಾನು ಇಷ್ಟು ವರ್ಷ ಹೇಳಿದ್ದೂ ಹಾಗೆಯೇ. ಆದರೆ ಅದನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ಐವತ್ತೆಂಟು ವರ್ಷದವಳಿಗೆ ಕಿವಿ ಬಿಸಿಯಾಯಿತು. ಇವಳ ಕೈಲಿ ಇದು ಆಗುವುದಿಲ್ಲ ಎಂದು ತೀರ್ಪಾಗಿಬಿಟ್ಟಿತ್ತು, ಅದೂ ನಗುನಗುತ್ತ. ನನ್ನ ಗುರುಗಳು ಬೈದರು, ಅಳಿಸಿದರು, ಆದರೆ ಸಾಲು ಬರುವ ತನಕ ನನ್ನನ್ನು ಬಿಡುತ್ತಿರಲಿಲ್ಲ. ನಾನು ಬೈಯದೆಯೇ ಮಕ್ಕಳನ್ನು ಬಿಟ್ಟುಬಿಡುತ್ತಿದ್ದೆ. ಎಷ್ಟು ಮಕ್ಕಳನ್ನು ಹಾಗೆ ಬಿಟ್ಟೆನೋ ಎಂದು ನೆನೆದು ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು.

“ಬಿಡಬ್ಯಾಡವ್ವ,” ಎಂದೆ. “ನನಗ ಬರೂತನಕ ಹೇಳು.”

ಅವಳು ಅಜ್ಜಿಯ ಮುಖ ನೋಡಿದಳು. ಅವಳು ನನ್ನಿಂದ ಕಲಿತ ಪಾಠದಲ್ಲಿ ಇಂಥದ್ದೊಂದು ಇರಲೇ ಇಲ್ಲ. ಆಮೇಲೆ ಚಾಪೆಯ ಮೇಲೆ ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದು ಕೂತಳು. ಈ ಸಲ ನನ್ನೊಬ್ಬಳನ್ನೇ ಹಾಡಲು ಬಿಡದೆ ಸಣ್ಣ ದನಿಯಲ್ಲಿ ನನ್ನ ಜೊತೆಗೇ ಹೇಳಿದಳು. ಅಜ್ಜಿಯೂ ಕೈಯ ಕೆಲಸ ಬಿಡದೆ ಸೇರಿಕೊಂಡರು. ಮೂವರ ದನಿಯೊಳಗೆ ನನ್ನ ತಪ್ಪು ಎದ್ದು ಕಾಣುತ್ತಿರಲಿಲ್ಲ, ಹಾಗಾಗಿ ಹೆದರಿಕೆಯೂ ಆಗಲಿಲ್ಲ. ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಮೊರದ ತೊಗರಿ ಮುಗಿದು ಅಜ್ಜಿ ಇನ್ನೊಂದು ಮೊರ ತುಂಬಿಸಿಕೊಂಡಿದ್ದರು. ಯಾವಾಗಲೋ ಒಮ್ಮೆ ನನ್ನ ದನಿ ಆ ಅರ್ಧಕ್ಕೆ ಜಾರಿತು.

“ಬಂತು ನೋಡ್ರಿ ಅಕ್ಕೋರ,” ಎಂದರು ಅಜ್ಜಿ.

ಚಹಾ ಕುಡಿದು ಹೊರಟೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಹುಡುಗಿ ಹಿಂದೆ ಬಂದು ನಿಂತಳು. ನನ್ನ ಮುಖ ನೋಡದೆ ನನ್ನ ಚೀಲದ ಹಿಡಿಕೆ ನೋಡುತ್ತ ಕೇಳಿದಳು. “ನನಗೂ ಹಿಂಗ ಇನ್ನೊಮ್ಮೆ ಹೇಳಿಕೊಡ್ತೀರೇನ್ರಿ ಮೇಡಂ?”

ಅವಳ ಕಡೆ ತಿರುಗಿ, “ಹೇಳಿಕೊಡ್ತೀನವ್ವ. ನಿನಗ ಬರೂತನಕ,” ಎಂದೆ.

ಮರುದಿನ ಕಮಲಾಪುರದಲ್ಲಿ ಇದನ್ನೆಲ್ಲ ಹೇಳಿದೆ. ಮನೆಗೆಲಸ ಕೊಟ್ಟಾಕೆ ಹೊಗಳುತ್ತಾಳೆಂದುಕೊಂಡಿದ್ದೆ. ಆಕೆ ಹೊಗಳಲಿಲ್ಲ. ಒಬ್ಬಳಿಗೆ ಬರುವ ತನಕ ಹೇಳಿಕೊಡುವಾಗ ಉಳಿದ ಮಕ್ಕಳು ಏನು ಮಾಡಬೇಕು ಎಂದು ಕೇಳಿದಳು. ಅದು ನ್ಯಾಯವಾದ ಪ್ರಶ್ನೆ. ಮಧ್ಯಾಹ್ನವೆಲ್ಲ ಅದರ ಮೇಲೆಯೇ ಕೂತೆವು. ಬಾರದ ಮಗುವನ್ನು ಒಂಟಿಯಾಗಿ ಹಾಡಿಸದೆ ಜೋಡಿಯಲ್ಲಿ ಹಾಡಿಸುವುದು, ಉಳಿದವರು ಸಣ್ಣ ದನಿಯಲ್ಲಿ ಅದೇ ಸಾಲನ್ನು ಹಿಡಿದಿರುವುದು ಎಂದು ಒಂದು ದಾರಿ ಕಂಡಿತು. ಕಪನೂರಿನ ಅಜ್ಜಿ ಮೊಮ್ಮಗಳು ಮಾಡಿದ್ದೂ ಅದನ್ನೇ. ಆ ದಿನ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿದವು.

ಬುಧವಾರ ಅವಳು ಬಂದಳು. ಕಿಟಕಿಯ ಪಕ್ಕದ ತನ್ನ ಹಳೆಯ ಜಾಗದಲ್ಲೇ ಕೂತಳು. ಅವಳ ಸರದಿ ಬಂದಾಗ ಸಾಲು ತಪ್ಪಿತು. ನನ್ನ ಕತ್ತು ತಾನಾಗಿಯೇ ವಾಲಿತು, ತುಟಿ ‘ಇರ್ಲಿ’ ಎನ್ನಲು ತೆರೆದಿತ್ತು. ಮೂವತ್ತು ವರ್ಷದ ಅಭ್ಯಾಸ ಅಷ್ಟು ಸುಲಭವಾಗಿ ಹೋಗುತ್ತದೆಯೇ? ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಮಾತನ್ನು ನುಂಗಿಕೊಂಡೆ. ಪಕ್ಕದ ಹುಡುಗಿಯನ್ನು ಜೊತೆಗೆ ಸೇರಿಸಿದೆ, ಉಳಿದವರನ್ನು ಸಣ್ಣಗೆ ಹೇಳಲು ಹೇಳಿದೆ, ನಾನೂ ಹಾಡಿದೆ. ಬರಲಿಲ್ಲ. ಮತ್ತೆ ಹಾಡಿದೆವು, ಆಗಲೂ ಬರಲಿಲ್ಲ. ಅಷ್ಟರಲ್ಲಿ ತಾಯಂದಿರು ಬಾಗಿಲಲ್ಲಿ ಬಂದು ನಿಂತಿದ್ದರು. ಶನಿವಾರ ಮತ್ತೆ ಇದೇ ಸಾಲು ಎಂದು ಹೇಳಿ ಕಳಿಸಿದೆ.

ಶನಿವಾರ ಕ್ಲಾಸಿಗೆ ಇನ್ನೂ ಅರ್ಧ ತಾಸು ಇತ್ತು. ಚಾಪೆ ಹಾಸುತ್ತಿದ್ದಾಗ ಹೊರಗೆ ದನಿ ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ತಾಯಿ ಬೀದಿಯಲ್ಲಿ ಆಟೋದವನ ಜೊತೆ ಮಾತಿಗೆ ನಿಂತಿದ್ದರು, ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅದೇ ಸಾಲನ್ನು ಗುನುಗುತ್ತಿದ್ದಳು. ಇನ್ನೂ ತಪ್ಪಾಗಿಯೇ ಇತ್ತು. ನಾನು ಬಾಗಿಲು ತೆಗೆಯದೆ, ಅವಳು ನಿಲ್ಲಿಸುವ ತನಕ ನಿಂತು ಕೇಳಿದೆ.